ಸೊಂಟ ನೋವಿಗೆ ಮೊಬೈಲ್ ನ್ಯೂರೋಫೀಡ್‌ಬ್ಯಾಕ್: ಮನೆಯಲ್ಲೇ ಮಾಡ್ಕೊಳ್ಳೋದು ಹೇಗೆ

ತಲೆಗೆ ಎಣ್ಣೆ ಹಚ್ಚಿದ ದಿನ, ಮೆದುಳಿನ ಅಲೆಗಳನ್ನ ಓದಿ ಫೋನಿನ ಆಪ್‌ಗೆ ಕಳಿಸೋ ಈ ತಲೆಪಟ್ಟಿ ಹಾಕ್ಕೋಬೇಡಿ. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳ್ತಿದೀನಿ, ಯಾಕಂದ್ರೆ ನಾನು ಶುರು ಮಾಡಿದಾಗ ಮೊದಲ ಎರಡು ವಾರ ಪೂರ್ತಿ ದಂಡವಾಗಿದ್ದು ಇದೇ ಕಾರಣಕ್ಕೆ, ಹಣೆ ಮೇಲೆ ಕುಂಕುಮ, ಕಿವಿ ಹಿಂದೆ ಕೊಬ್ಬರಿ ಎಣ್ಣೆ ಜಿಡ್ಡು, ಅದರ ಮೇಲೆ ಸೆನ್ಸರ್ ಇಟ್ಕೊಂಡು ಕಣ್ಣು ಮುಚ್ಚಿ ಕೂತ್ರೆ ಆಪ್‌ಗೆ ಸಿಗ್ತಿದ್ದಿದ್ದು ಬರೀ ಗದ್ದಲ. ನಾನು ಮಾತ್ರ ಅದನ್ನೇ ನನ್ನ ಮನಸ್ಸಿನ ಗದ್ದಲ ಅಂತ ನಂಬ್ಕೊಂಡು ಇನ್ನೂ ಟೆನ್ಷನ್ ಮಾಡ್ಕೋತಿದ್ದೆ.

ನಾನು ಹಾಸನದ ಕಡೆ ಹೈಸ್ಕೂಲ್ ಟೀಚರ್. ದಿನಾ ಬಸ್ಸಲ್ಲಿ ಹೋಗಿ ಬರೋದು, ಕ್ಲಾಸಲ್ಲಿ ನಿಂತ್ಕೊಂಡೇ ಪಾಠ ಮಾಡೋದು. ನಾಲ್ಕು ವರ್ಷದಿಂದ ಸೊಂಟದ ಕೆಳಗಡೆ ಎಡಭಾಗದಲ್ಲಿ ನೋವು, ಒಂದೊಂದ್ಸಲ ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಬಗ್ಗಿದ್ರೆ ಹಿಡ್ಕೊಂಡ್ಬಿಡೋದು. ಮಾತ್ರೆ, ಬೆಲ್ಟು, ಟ್ರಾಕ್ಷನ್ ಅಂತ ಸೊಂಟ ಎಳೆಸೋದು, ಎಣ್ಣೆ ತಿಕ್ಕಿಸೋದು ಎಲ್ಲಾ ಆಯ್ತು. ಟೊರಾಂಟೊದಲ್ಲಿರೋ ನನ್ನ ತಮ್ಮ ರಜಕ್ಕೆ ಬಂದಾಗ ಈ ತಲೆಪಟ್ಟಿ ತಂದ್ಕೊಟ್ಟ, "ಅಕ್ಕ, ಇದು ಔಷಧಿ ಅಲ್ಲ, ಆದ್ರೆ ನೀನು ಕಲಿಯೋಕೆ ಆಗೋ ಅಂಥದ್ದು" ಅಂದ. ಅವನು ಹೇಳಿದ್ದು ಎಷ್ಟು ಸರಿ ಅಂತ ನನಗೆ ಅರ್ಥ ಆಗೋಕೆ ಮೂರು ತಿಂಗಳು ಬೇಕಾಯ್ತು. ಆ ಮೂರು ತಿಂಗಳನ್ನ ನೀವು ತಪ್ಪಿಲ್ಲದೆ ಹೇಗೆ ಮಾಡ್ಬಹುದು ಅಂತ ಇಲ್ಲಿ ಬರೀತಿದೀನಿ.

ಪಟ್ಟಿ ಮುಟ್ಟೋಕೆ ಮುಂಚೆ ಒಂದು ಡಾಕ್ಟರ್ ವಿಷ್ಯ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದ್ರೆ, ತೊಡೆ ಸಂದಿ ಸುತ್ತ, ಕೂತ್ಕೊಳ್ಳೋ ಜಾಗದಲ್ಲಿ ಮರಗಟ್ಟಿದ್ರೆ, ಕಾಲಿನ ಶಕ್ತಿ ಕಡಿಮೆ ಆಗಿ ಪಾದ ಎಳೆಯೋ ಹಾಗಾದ್ರೆ ಅದೇ ದಿನ ಆಸ್ಪತ್ರೆಗೆ ಹೋಗ್ಬೇಕು, ನಾಳೆ ನೋಡೋಣ ಅನ್ನಂಗಿಲ್ಲ. ಜ್ವರದ ಜೊತೆ ಬೆನ್ನು ನೋವು, ಸುಮ್ಮಸುಮ್ಮನೆ ತೂಕ ಇಳಿಯೋದು, ಮಲಗಿದ್ರೂ ಬಿಡದೆ ರಾತ್ರಿ ಜಾಸ್ತಿ ಆಗೋ ನೋವು, ಹಿಂದೆ ಕ್ಯಾನ್ಸರ್ ಆಗಿತ್ತು, ಬಿದ್ದು ಪೆಟ್ಟಾಗಿತ್ತು, ಇದರಲ್ಲಿ ಯಾವುದಿದ್ರೂ ಮೊದಲು ಪರೀಕ್ಷೆ. ನಮ್ಮ ದೇಶದಲ್ಲಿ ಬೆನ್ನುಮೂಳೆಗೆ ಟಿಬಿ ಬರೋದು ಅಪರೂಪ ಏನಲ್ಲ, ಅದನ್ನ ಉಸಿರಾಟ, ಧ್ಯಾನ ಅಂತ ಕೂತು ಮುಂದೂಡಿದ್ರೆ ಬೆನ್ನುಹುರಿಗೇ ಹಾನಿ ಆಗತ್ತೆ. ಫಿಟ್ಸ್ ಇರೋರು, ಮಾನಸಿಕ ಕಾಯಿಲೆಗೆ ಚಿಕಿತ್ಸೆ ತಗೋತಿರೋರು, ಕಣ್ಣು ಮುಚ್ಚಿ ಸುಮ್ಮನೆ ಕೂತ್ರೆ ಹಳೇ ಕೆಟ್ಟ ಘಟನೆಗಳು ನುಗ್ಗಿ ಬರೋರು ತಮ್ಮ ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ. ಮತ್ತೆ ಪ್ರೀಗಾಬಲಿನ್, ಅಮಿಟ್ರಿಪ್ಟಿಲಿನ್, ಟ್ರಮಡಾಲ್ ಥರದ, ನೋವಿಗೆ ಕೊಡೋ ಮಾತ್ರೆ ತಗೋತಿದ್ರೆ ಪಟ್ಟಿ ಬಂತು ಅಂತ ಒಂದೇ ಸಲಕ್ಕೆ ನಿಲ್ಲಿಸ್ಬೇಡಿ, ಅವನ್ನ ಇಳಿಸೋದು ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ.

ಇದೆಲ್ಲ ಏನೂ ಇಲ್ಲ, ನೋವು ಮೂರು ತಿಂಗಳು ದಾಟಿದೆ, ಡಾಕ್ಟರ್ ನೋಡಿ ದೊಡ್ಡ ತೊಂದ್ರೆ ಇಲ್ಲ ಅಂದಿದಾರೆ ಅಂದ್ರೆ ಮುಂದೆ ಓದಿ.

ಎಲ್ಲರ ಮನೆಲೂ ಒಂದು ಎಂಆರ್‌ಐ ಕವರ್ ಇರತ್ತೆ. ನನ್ನದ್ರಲ್ಲೂ ಎಲ್4-ಎಲ್5 ಡಿಸ್ಕ್ ಬಲ್ಜ್ ಅಂತ ಬರೆದಿತ್ತು, ಅಂದ್ರೆ ಸೊಂಟದ ಎರಡು ಮೂಳೆ ನಡುವಿನ ಮೆತ್ತೆ ಸ್ವಲ್ಪ ಹೊರಗೆ ಉಬ್ಬಿದೆ ಅಂತ, ನೋಡಿದವರೆಲ್ಲ "ಗ್ಯಾಪ್ ಬಂದಿದೆ, ಮೂಳೆ ಸವೆದಿದೆ, ಇನ್ನು ಭಾರ ಎತ್ತಬೇಡ" ಅಂದ್ರು, ನಾನು ಒಂದು ಕೊಡ ನೀರು ಎತ್ತೋಕೂ ಹೆದರ್ತಿದ್ದೆ. ಆಮೇಲೆ ಗೊತ್ತಾಯ್ತು, 2015ರಲ್ಲಿ ಬೆನ್ನು ನೋವೇ ಇಲ್ಲದಿರೋ ಜನರ ಸ್ಕ್ಯಾನ್‌ಗಳನ್ನ ಒಟ್ಟುಹಾಕಿ ನೋಡಿದ ಒಂದು ದೊಡ್ಡ ವಿಮರ್ಶೆಯಲ್ಲಿ 20 ವರ್ಷದವರಲ್ಲೇ ನೂರಕ್ಕೆ 30 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು, 80 ವರ್ಷದವರಲ್ಲಿ 84 ಜನಕ್ಕೆ. ಅಂದ್ರೆ ಬಲ್ಜ್ ಇದ್ದೂ ಆರಾಮಾಗಿ ಓಡಾಡ್ಕೊಂಡಿರೋ ಜನ ತುಂಬಾ ಇದಾರೆ, ತಲೆಕೂದಲು ನೆರೆದ ಹಾಗೆ ಅದೂ ವಯಸ್ಸಿನ ಗುರುತು ಅಷ್ಟೆ ಆಗಿರಬಹುದು. ಹಾಗಂತ ನೋವು ಸುಳ್ಳಲ್ಲ. ನೋವು ನಿಜ. ತುಂಬಾ ದಿನ ಇರೋ ನೋವಲ್ಲಿ ಏನಾಗತ್ತೆ ಅಂದ್ರೆ, ಬೆನ್ನಿಂದ ಬರೋ ಸಿಗ್ನಲ್‌ಗಿಂತ ಅದನ್ನ ಓದೋ ಮೆದುಳು, ನರ ಜಾಸ್ತಿ ಸೂಕ್ಷ್ಮ ಆಗಿರತ್ತೆ, ಮನೆ ಕಾಯೋ ನಾಯಿ ಒಂದ್ಸಲ ಕಳ್ಳನನ್ನ ನೋಡಿದ ಮೇಲೆ ಹಾಲಿನವನಿಗೂ ಬೊಗಳತ್ತಲ್ಲ ಹಾಗೆ. ನ್ಯೂರೋಫೀಡ್‌ಬ್ಯಾಕ್ ಕೆಲಸ ಇರೋದು ಈ ನಾಯಿ ಹತ್ರ, ಡಿಸ್ಕ್ ಹತ್ರ ಅಲ್ಲ. ಡಿಸ್ಕನ್ನ ಒಳಗೆ ತಳ್ಳತ್ತೆ, ಗ್ಯಾಪ್ ತುಂಬತ್ತೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಎದ್ದು ಬನ್ನಿ.

ಹಾಗಾದ್ರೆ ಇದು ಏನು ಮಾಡತ್ತೆ? ಮೆದುಳಿನ ಜೀವಕೋಶಗಳು ಒಟ್ಟಾಗಿ ಕೆಲಸ ಮಾಡುವಾಗ ತಲೆಬುರುಡೆ ಮೇಲೆ ಬರೀ ಕೆಲವು ಹತ್ತು ಮೈಕ್ರೋವೋಲ್ಟ್‌ನಷ್ಟು ಸಣ್ಣ ವಿದ್ಯುತ್ ಏರಿಳಿತ ಸಿಗತ್ತೆ. ಇದನ್ನ ಮನುಷ್ಯರಲ್ಲಿ ಮೊದಲು ದಾಖಲು ಮಾಡಿದ್ದು 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್, ಪ್ರಕಟ ಮಾಡಿದ್ದು 1929ರಲ್ಲಿ. ಕಣ್ಣು ಮುಚ್ಚಿ ಆರಾಮಾಗಿದ್ದಾಗ ಸೆಕೆಂಡಿಗೆ 8ರಿಂದ 12 ಸಲ ಏರಿಳಿಯೋ ಒಂದು ಅಲೆ ಎದ್ದು ಕಾಣತ್ತೆ, ಕಣ್ಣು ಬಿಟ್ಟ ತಕ್ಷಣ ಕುಗ್ಗತ್ತೆ, ಅದಕ್ಕೆ ಆಲ್ಫಾ ಅಂತ ಹೆಸರು. ಆಮೇಲೆ ಶಿಕಾಗೊದಲ್ಲಿ ಜೋ ಕಮಿಯಾ ಅನ್ನೋರು ತೋರಿಸಿದ್ದೇನಂದ್ರೆ, ಈಗ ನಿನ್ನಲ್ಲಿ ಆಲ್ಫಾ ಇದೆ, ಈಗ ಇಲ್ಲ ಅಂತ ಹೇಳ್ತಾ ಹೋದ್ರೆ ಜನ ಅದನ್ನ ಒಳಗಿಂದಲೇ ಗುರುತಿಸೋಕೆ ಕಲೀತಾರೆ. ಕನ್ನಡಿ ಮುಂದೆ ನಿಂತು ತಲೆ ಬಾಚಿದ ಹಾಗೆ. ಕನ್ನಡಿ ತಲೆ ಬಾಚಲ್ಲ, ತೋರಿಸತ್ತೆ ಅಷ್ಟೆ. ಮೊಬೈಲ್ ನ್ಯೂರೋಫೀಡ್‌ಬ್ಯಾಕ್ ಅಂದ್ರೆ ಆ ಕನ್ನಡಿ ಈಗ ಒಂದು ತಲೆಪಟ್ಟಿ, ಬ್ಲೂಟೂತ್, ಒಂದು ಆಪ್ ಆಗಿ ಕೈಗೆ ಬಂದಿದೆ. ನಮ್ಮಮ್ಮ ಮೊದಲನೇ ದಿನ ಕೇಳಿದ್ದು "ಶಾಕ್ ಹೊಡೆಯಲ್ವೇನೇ" ಅಂತ. ಇಲ್ಲ, ಇದು ಮೈಯೊಳಗೆ ಕರೆಂಟ್ ಕಳಿಸಲ್ಲ, ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ ಹಾಗೆ ಇದೂ ಬರೀ ಕೇಳಿಸ್ಕೊಳ್ಳತ್ತೆ. ಫಿಸಿಯೋಥೆರಪಿಯಲ್ಲಿ ಪ್ಯಾಡ್ ಅಂಟಿಸಿ ಜುಮ್ ಅನ್ನಿಸೋ ಮೆಷಿನ್ ಬೇರೆ, ತಲೆಗೆ ಕರೆಂಟ್ ಕೊಡೋ ಮೆಷಿನ್‌ಗಳೂ ಬೇರೆ, ಆನ್‌ಲೈನಲ್ಲಿ ಕೊಳ್ಳುವಾಗ ಇವು ಮೂರನ್ನೂ ಒಂದೇ ಅಂದ್ಕೊಂಡು ತರಿಸ್ಬೇಡಿ.

ಇದರಿಂದ ನೋವು ಕಡಿಮೆ ಆಗತ್ತೆ ಅನ್ನೋದಕ್ಕೆ ಸಾಕ್ಷಿ ಎಷ್ಟಿದೆ ಅಂತ ನೇರವಾಗೇ ಹೇಳ್ತೀನಿ. ಅಮೆರಿಕದಲ್ಲಿ ನಿವೃತ್ತ ಸೈನಿಕರಿಗೆ ಇದೇ ಥರದ ತಲೆಪಟ್ಟಿ ಕೊಟ್ಟು ಮನೇಲಿ ಮಾಡಿಸಿದ ಸಂಶೋಧನೆ 2021ರಲ್ಲಿ ಬಂತು, ನೋವು ಕಡಿಮೆ ಆಯ್ತು ಅಂತ ಅವರು ಹೇಳಿದ್ರು, ಆದ್ರೆ ಅದು ಸಣ್ಣ ಪ್ರಯತ್ನ. ನೋವಿನ ಮೇಲೆ ಆಗಿರೋ ನ್ಯೂರೋಫೀಡ್‌ಬ್ಯಾಕ್ ಅಧ್ಯಯನಗಳು ಹೆಚ್ಚಿನವು ಹೀಗೇ, ಫಲ ಕಾಣತ್ತೆ, ಜನ ಕಡಿಮೆ. ಇನ್ನೊಂದು ಕಡೆ, ನಿದ್ರೆ ಬಾರದವರ ಮೇಲೆ ಆಸ್ಟ್ರಿಯಾದಲ್ಲಿ ಮಾಡಿ 2017ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ನಿಜವಾದ ಫೀಡ್‌ಬ್ಯಾಕ್ ಕೊಟ್ಟಾಗಲೂ ಸುಳ್ಳು ಫೀಡ್‌ಬ್ಯಾಕ್ ಕೊಟ್ಟಾಗಲೂ ಜನಕ್ಕೆ ಒಂದೇ ಥರ ಉತ್ತಮ ಅನ್ನಿಸಿತ್ತು. ಅಂದ್ರೆ ದಿನಾ ಕೂತ್ಕೊಳ್ಳೋದು, ಉಸಿರು ನಿಧಾನ ಮಾಡೋದು, ಆಗತ್ತೆ ಅನ್ನೋ ನಂಬಿಕೆ, ಇವುಗಳ ಪಾಲು ದೊಡ್ಡದು. ನಮ್ಮ ಬೆಂಗಳೂರಿನ ನಿಮ್ಹಾನ್ಸಲ್ಲೂ ನ್ಯೂರೋಫೀಡ್‌ಬ್ಯಾಕ್ ಸಂಶೋಧನೆ ನಡೆದಿದೆ, ತಲೆಗೆ ಪೆಟ್ಟು ಬಿದ್ದು ನೆನಪು, ಗಮನ ಕುಗ್ಗಿದವರಿಗೆ, ಅದು ತಜ್ಞರ ಕೈಯಲ್ಲಿ ಆಗೋ ಕೆಲಸ, ನಮ್ಮ ತಲೆಪಟ್ಟಿಗೂ ಅದಕ್ಕೂ ಹೋಲಿಕೆ ಬೇಡ.

ಮನಸ್ಸಿನ ಕಡೆಯಿಂದ ಸೊಂಟ ನೋವಿಗೆ ಹೋಗೋ ದಾರಿಗೆ ಮಾತ್ರ ಗಟ್ಟಿ ಸಾಕ್ಷಿ ಇದೆ. 2016ರಲ್ಲಿ ಸಿಯಾಟಲ್ ಕಡೆ 342 ಜನ ಸೊಂಟ ನೋವಿನವರನ್ನ ಮೂರು ಗುಂಪು ಮಾಡಿದ್ರು, ಮೈಂಡ್‌ಫುಲ್‌ನೆಸ್ ಅನ್ನೋ, ಆಗ್ತಿರೋದನ್ನ ಸುಮ್ಮನೆ ಗಮನಿಸೋ ಧ್ಯಾನ ಕಲಿತವರಲ್ಲಿ ನೂರಕ್ಕೆ 60, ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ತಗೊಂಡವರಲ್ಲಿ 57ರ ಮೇಲೆ, ಮಾಮೂಲಿ ಚಿಕಿತ್ಸೆಯವರಲ್ಲಿ 44 ಜನಕ್ಕೆ 26 ವಾರ ಆದ್ಮೇಲೆ ದಿನದ ಕೆಲಸಗಳು ಹೇಳ್ಕೊಳ್ಳೋ ಅಷ್ಟು ಸುಲಭ ಆಗಿತ್ತು. ಹಾಗಾಗಿ ನಾನು ಈ ಪಟ್ಟಿನ ನೋಡೋದು ಆ ದಾರಿಲಿ ಹಿಡ್ಕೊಳ್ಳೋ ಊರುಗೋಲು ಅಂತ. ನನ್ನಂಥ, ಕಣ್ಣು ಮುಚ್ಚಿದ್ರೆ "ಸರಿಯಾಗಿ ಮಾಡ್ತಿದೀನೋ ಇಲ್ವೋ" ಅಂತ ಒದ್ದಾಡೋರಿಗೆ ಕಿವೀಲಿ ಒಂದು ಶಬ್ದ ಬಂದು ಹೌದು ಅಂತ ಹೇಳಿದ್ರೆ ಅದು ಸಣ್ಣ ಸಹಾಯ ಅಲ್ಲ.

ಯಾವ ಪಟ್ಟಿ ಅಂತ ಕೇಳ್ತಾರೆ. ನನ್ನ ಹತ್ರ ಇರೋದು ಟೊರಾಂಟೊದ ಕಂಪನಿಯ ಮ್ಯೂಸ್. ಅದರಲ್ಲಿ ಸೆನ್ಸರ್ ಹಣೆ ಮೇಲೆ ಎರಡು ಕಡೆ, ಕಿವಿ ಹಿಂದೆ ಎರಡು ಕಡೆ, ಹಣೆ ನಡುವೆ ಹೋಲಿಕೆಗೆ ಅಂತ ಇನ್ನೊಂದು. ಇಲ್ಲೊಂದು ಮಿತಿ ತಿಳ್ಕೊಳ್ಳಿ, ಕ್ಲಿನಿಕ್‌ಗಳಲ್ಲಿ ನೋವಿಗೆ ಅಂತ ತರಬೇತಿ ಕೊಡುವಾಗ ನೆತ್ತಿ ಮೇಲೆ, ಮೈಯಿಂದ ಬರೋ ಸ್ಪರ್ಶ, ಚಲನೆ ಸಂಬಂಧದ ಜಾಗದಲ್ಲಿ ಎಲೆಕ್ಟ್ರೋಡ್ ಇಡೋದುಂಟು, ಅಲ್ಲಿ ಸೆಕೆಂಡಿಗೆ 12ರಿಂದ 15 ಸಲ ಏರಿಳಿಯೋ ಅಲೆನ ಹೆಚ್ಚಿಸೋ ಅಭ್ಯಾಸ ಮಾಡಿಸ್ತಾರೆ. ಹಣೆಪಟ್ಟಿಲಿ ಆ ಜಾಗಕ್ಕೆ ಸೆನ್ಸರೇ ಇಲ್ಲ. ಆದ್ದರಿಂದ ಮನೆಯಲ್ಲಿ ನಾವು ಮಾಡೋದು ಒಟ್ಟಾರೆ ಶಾಂತ ಆಗೋ ಅಭ್ಯಾಸ, ನೋವಿನ ಜಾಗಕ್ಕೇ ಗುರಿ ಇಟ್ಟ ತರಬೇತಿ ಅಲ್ಲ. ಬೆಲೆ ಸುಂಕ ಎಲ್ಲ ಸೇರಿ ಹತ್ತಾರು ಸಾವಿರ ಆಗತ್ತೆ, ಆಪ್‌ನ ಕೆಲವು ಭಾಗಕ್ಕೆ ವರ್ಷದ ಚಂದಾ ಬೇರೆ. ಸಾಲ ಮಾಡಿ ಖಂಡಿತ ಕೊಳ್ಳಬೇಡಿ. ಅದೇ ದುಡ್ಡಲ್ಲಿ ಒಳ್ಳೆ ಫಿಸಿಯೋಥೆರಪಿಸ್ಟ್ ಹತ್ರ ವ್ಯಾಯಾಮ ಕಲಿಯೋದು ಮೊದಲು, ಅದು ಆಗಿ ಉಳಿದ್ರೆ ಇದು. ಯಾರ ಹತ್ರನಾದ್ರೂ ಕಪಾಟಲ್ಲಿ ಬಿದ್ದಿದ್ರೆ ಮೂರು ತಿಂಗಳಿಗೆ ಕೇಳಿ ತಗೊಳ್ಳಿ.

ಪಟ್ಟಿ ಬಂದ ಮೊದಲನೇ ವಾರ ಅದನ್ನ ತಲೆಗೆ ಹಾಕ್ಲೇಬೇಡಿ. ನಂಗೊತ್ತು, ಆಸೆ ಆಗತ್ತೆ. ಆದ್ರೆ ಈ ವಾರ ಬರೀ ಬರೆದಿಡೋದು. ಒಂದು ಹಳೇ ಡೈರಿ ತಗೊಂಡು ರಾತ್ರಿ ಊಟ ಆದ್ಮೇಲೆ ಇವತ್ತು ನೋವು ಸರಾಸರಿ ಎಷ್ಟು, 0 ಅಂದ್ರೆ ಇಲ್ಲ, 10 ಅಂದ್ರೆ ತಡ್ಕೊಳ್ಳೋಕೇ ಆಗದ್ದು, ಒಂದು ನಂಬರ್. ನಿದ್ರೆ ಎಷ್ಟು ಗಂಟೆ. ಮಾತ್ರೆ ಎಷ್ಟು. ಇವೆಲ್ಲಕ್ಕಿಂತ ಮುಖ್ಯ, ನೀವು ವಾಪಸ್ ಬೇಕು ಅಂದ್ಕೊಂಡಿರೋ ಒಂದೇ ಒಂದು ಕೆಲಸ ಆರಿಸ್ಕೊಂಡು ಅದನ್ನ ಎಷ್ಟು ಹೊತ್ತು ಮಾಡೋಕಾಯ್ತು ಅಂತ ಬರೀರಿ. ನಾನು ಆರಿಸ್ಕೊಂಡಿದ್ದು ಕುರ್ಚಿಗೆ ಒರಗದೆ ಎರಡು ಪೀರಿಯಡ್ ಒಟ್ಟಿಗೆ ನಿಂತು ಪಾಠ ಮಾಡೋದು. ನಿಮ್ಮದು ರಂಗೋಲಿ ಹಾಕೋದಿರಬಹುದು, ತೋಟದಲ್ಲಿ ಒಂದು ಸುತ್ತು ಹಾಕೋದಿರಬಹುದು, ಮೊಮ್ಮಗುನ ಎತ್ಕೊಳ್ಳೋದಿರಬಹುದು. ಈ ವಾರದ ಬರಹ ಇಲ್ಲದಿದ್ರೆ ಮೂರು ತಿಂಗಳಾದ್ಮೇಲೆ ನಿಮಗೆ ನೆನಪೇ ಇರಲ್ಲ ಎಲ್ಲಿಂದ ಶುರು ಮಾಡಿದ್ವಿ ಅಂತ, ನೋವು ಕಡಿಮೆ ಆದ ದಿನ ಪಟ್ಟಿ ದೇವರು ಅನ್ಸತ್ತೆ, ಜಾಸ್ತಿ ಆದ ದಿನ ಕಸ ಅನ್ಸತ್ತೆ.

ಈಗ ಹಾಕ್ಕೊಳ್ಳೋದು. ಹಣೆ, ಕಿವಿ ಹಿಂದೆ ಎರಡೂ ಕಡೆ ಸೋಪು ಹಾಕಿ ತೊಳೆದು ಒರೆಸ್ಕೊಳ್ಳಿ, ವಿಭೂತಿ, ಕುಂಕುಮ, ಸ್ಟಿಕ್ಕರ್, ಕ್ರೀಮ್ ಯಾವುದೂ ಪಟ್ಟಿ ಕೂರೋ ಜಾಗದಲ್ಲಿ ಇರಬಾರದು, ಮುಗಿದ ಮೇಲೆ ಇಟ್ಕೊಂಡ್ರಾಯ್ತು. ತಲೆಸ್ನಾನ ಮಾಡಿ ಒಣಗಿದ ದಿನ ಸಿಗ್ನಲ್ ತುಂಬಾ ಚೆನ್ನಾಗಿರತ್ತೆ. ಮುಂದಲೆ ಕೂದಲು ಮೇಲಕ್ಕೆ ತಳ್ಳಿ, ಪಟ್ಟಿ ಹಣೆ ಚರ್ಮಕ್ಕೆ ಪೂರ್ತಿ ಒತ್ಕೊಂಡಿರಬೇಕು, ನಡುವೆ ಒಂದು ಎಳೆ ಕೂದಲೂ ಬೇಡ. ಕಿವಿ ಹಿಂದೆ ಬರೋ ಭಾಗಕ್ಕೆ ಬೆರಳಲ್ಲಿ ಒಂದು ಚೂರು ನೀರು ಸವರಿ, ಚಳಿಗಾಲದಲ್ಲಿ ಚರ್ಮ ಒಣಗಿದಾಗ ಇದು ಬೇಕೇ ಬೇಕು. ಕನ್ನಡಕ ಇದ್ರೆ ತೆಗೀರಿ, ಅದರ ಕಡ್ಡಿ ಕಿವಿ ಹತ್ರದ ಸೆನ್ಸರನ್ನ ಎತ್ತತ್ತೆ. ದೊಡ್ಡ ಓಲೆ, ಮಾಟಿ ಇದ್ರೆ ಅವೂ ಪಕ್ಕಕ್ಕೆ. ಬ್ಲೂಟೂತ್ ಜೋಡಿಸೋದು ಆಪ್ ಒಳಗಿಂದ ಮಾಡಿ, ಫೋನಿನ ಸೆಟ್ಟಿಂಗ್ಸ್‌ಗೆ ಹೋಗ್ಬೇಡಿ. ಹಳೇ ಆಂಡ್ರಾಯ್ಡ್ ಫೋನ್ ಆದ್ರೆ ಲೊಕೇಶನ್ ಆನ್ ಮಾಡದಿದ್ರೆ ಪಟ್ಟಿ ಸಿಗೋದೇ ಇಲ್ಲ, ನಾನು ಕೆಟ್ಟೋಗಿದೆ ಅಂದ್ಕೊಂಡು ತಮ್ಮನಿಗೆ ಅವನಿಗಲ್ಲಿ ನಡುರಾತ್ರಿ ಫೋನ್ ಮಾಡಿದ್ದೆ.

ಫೋನ್ ಚಾರ್ಜಿಗೆ ಹಾಕ್ಕೊಂಡು ಮಾಡ್ಬೇಡಿ. ನಮ್ಮ ಮನೆ ಕರೆಂಟು 50 ಹರ್ಟ್ಜ್‌ನದ್ದು, ಅದರ ಗುಂಯ್ ಅನ್ನೋದು ಪಟ್ಟಿಗೆ ಸೇರ್ಕೊಳ್ಳತ್ತೆ, ಯುಪಿಎಸ್ ಪೆಟ್ಟಿಗೆ ಪಕ್ಕದಲ್ಲಿ, ಮಿಕ್ಸಿ ತಿರುಗ್ತಿರೋ ಅಡುಗೆಮನೆಗೆ ಅಂಟ್ಕೊಂಡಿರೋ ಗೋಡೆ ಹತ್ರ ಕೂರೋದು ಬೇಡ. ಫೋನನ್ನ ಏರ್‌ಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿ, ಇಲ್ಲಾಂದ್ರೆ ಐದನೇ ನಿಮಿಷಕ್ಕೆ ಯಾರಾದ್ರೂ ಫೋನ್ ಮಾಡೇ ಮಾಡ್ತಾರೆ.

ಸಿಗ್ನಲ್ ನಿಜವಾಗಿ ಮೆದುಳಿನದ್ದೇ ಅಂತ ಗೊತ್ತಾಗೋದು ಹೇಗೆ? ಬರ್ಗರ್ ಕಾಲದ ಪರೀಕ್ಷೆನೇ ಸಾಕು. ಮೈಂಡ್ ಮಾನಿಟರ್ ಅಂತ ಒಂದು ಆಪ್ ಇದೆ, ಅದು ಬಣ್ಣ, ಬಹುಮಾನ ಏನೂ ಇಲ್ಲದೆ ಅಲೆಗಳನ್ನ ಹಾಗೇ ತೋರಿಸತ್ತೆ. ಅದನ್ನ ತೆರೆದು, ರೆಕಾರ್ಡ್ ಒತ್ತಿ, ಒಂದು ನಿಮಿಷ ಕಣ್ಣು ಬಿಟ್ಕೊಂಡು ಗೋಡೆ ನೋಡಿ, ಒಂದು ನಿಮಿಷ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದಾಗ ಕಿವಿ ಹತ್ರದ ಸೆನ್ಸರ್‌ಗಳಲ್ಲಿ ಆಲ್ಫಾ ಮೇಲೆ ಏರ್ಬೇಕು. ಕೆಲವರಿಗೆ ಹುಟ್ಟಿನಿಂದಲೇ ಆಲ್ಫಾ ಕಡಿಮೆ, ಅವರು ಗಾಬರಿ ಆಗೋದು ಬೇಡ, ಆದ್ರೆ ಹೆಚ್ಚಿನವರಲ್ಲಿ ಏರತ್ತೆ. ಆಮೇಲೆ ಬೇಕಂತಲೇ ಹಲ್ಲು ಕಚ್ಚಿ, ಕಣ್ಣು ಮಿಟುಕಿಸಿ, ಹುಬ್ಬು ಗಂಟಿಕ್ಕಿ. ಗೆರೆಗಳು ಹುಚ್ಚೆದ್ದು ಕುಣಿಯೋದು ನೋಡ್ತೀರ, ಅದು ಸ್ನಾಯುಗಳ ಸಿಗ್ನಲ್, ಮೆದುಳಿನದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇದನ್ನ ಒಂದ್ಸಲ ಕಣ್ಣಾರೆ ನೋಡಿದ ಮೇಲೆ ಆಪ್ ಕೊಡೋ ಅಂಕಗಳನ್ನ ಹೇಗೆ ತಗೋಬೇಕು ಅಂತ ತಾನಾಗೇ ಗೊತ್ತಾಗತ್ತೆ. ನನಗೆ ಇದರಿಂದ ಇನ್ನೊಂದು ಲಾಭ ಆಯ್ತು, ನೋವು ಜಾಸ್ತಿ ಇರೋ ದಿನ ನಾನು ಗೊತ್ತಿಲ್ಲದೇನೇ ದವಡೆ ಕಚ್ಚಿ ಹಿಡಿದಿರ್ತೀನಿ ಅನ್ನೋದು ನನಗೆ ತಿಳಿದಿದ್ದೇ ಆ ಗೆರೆಗಳಿಂದ, ನಾಲ್ಕು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಕೂರೋದಾ ಮಲಗೋದಾ? ಪದ್ಮಾಸನ ಏನೂ ಬೇಡ, ಸೊಂಟ ನೋವಿನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನೋವು ತಿಂದ್ಕೊಂಡು ಶಾಂತ ಆಗೋದು ಅನ್ನೋದಕ್ಕೆ ಅರ್ಥ ಇಲ್ಲ. ಒರಗು ಇರೋ ಕುರ್ಚಿ, ಪಾದ ಎರಡೂ ನೆಲಕ್ಕೆ, ಬೇಕಾದ್ರೆ ಸೊಂಟದ ಹಿಂದೆ ಮಡಚಿದ ಟವೆಲ್. ಕೂರೋಕೇ ಆಗದ ದಿನ ಅಂಗಾತ ಮಲಗಿ ಮೊಣಕಾಲ ಕೆಳಗೆ ಎರಡು ದಿಂಬು ಇಟ್ಕೊಳ್ಳಿ, ತಲೆ ಕೆಳಗೆ ದಪ್ಪ ದಿಂಬಾದ್ರೆ ಕಿವಿ ಹಿಂದಿನ ಸೆನ್ಸರ್ ಸರಿಯತ್ತೆ, ಕತ್ತಿನ ಕೆಳಗೆ ಸುರುಳಿ ಮಾಡಿದ ಟವೆಲ್ ಸಾಕು. ಮಲಗಿ ಮಾಡಿದ್ರೆ ನಿದ್ದೆ ಬರೋದು ಜಾಸ್ತಿ, ಅಷ್ಟೇ ತೊಂದ್ರೆ.

ಡೈರಿ ವಾರ ಮುಗಿದ ಮೇಲೆ, ಪಟ್ಟಿ ಹಾಕೋ ಮೊದಲ ಎರಡು ವಾರ ದಿನಾ 5 ನಿಮಿಷ. ಆಪ್‌ನಲ್ಲಿ ಮಳೆ ಶಬ್ದ ಆರಿಸ್ಕೊಂಡ್ರೆ ಮನಸ್ಸು ಅಲೆದಾಗ ಮಳೆ ಜೋರಾಗತ್ತೆ, ನೆಲೆ ನಿಂತಾಗ ಕಡಿಮೆ ಆಗತ್ತೆ, ಇನ್ನೂ ನಿಂತ್ರೆ ಹಕ್ಕಿ ಕೂಗತ್ತೆ. ಆ ಲೆಕ್ಕ ಕಂಪನಿಯ ಒಳಗಿನ ಸೂತ್ರದ್ದು, ಬರೀ ಆಲ್ಫಾದ್ದಲ್ಲ. ಈ ಎರಡು ವಾರ ನೋವಿನ ಕಡೆ ಹೋಗ್ಲೇಬೇಡಿ. ಉಸಿರು ಬಿಡೋದನ್ನ ತಗೊಳ್ಳೋದಕ್ಕಿಂತ ಉದ್ದ ಮಾಡಿ, ದವಡೆ ಸಡಿಲ, ನಾಲಿಗೆ ಸಡಿಲ, ಹೊಟ್ಟೆ ಒಳಗೆ ಎಳ್ಕೊಂಡಿದ್ರೆ ಬಿಡಿ. ಹಕ್ಕಿ ಬರ್ಲಿ ಅಂತ ಪ್ರಯತ್ನ ಮಾಡಿದ್ರೆ ಹಕ್ಕಿ ಬರಲ್ಲ, ಬಂದ ಖುಷಿಗೆ "ಬಂತು" ಅಂದ್ಕೊಂಡ್ರೆ ಹಾರಿಹೋಗತ್ತೆ. ಇದನ್ನ ಓದಿ ಕಲಿಯೋಕಾಗಲ್ಲ, ನಮ್ಮೂರ ಕೆರೆಲಿ ಈಜು ಕಲಿತ ಹಾಗೆ, ಕೈಕಾಲು ಬಡಿಯೋದು ನಿಲ್ಲಿಸಿದ ಒಂದು ದಿನ ನೀರು ತಾನೇ ಹೊತ್ಕೊಳ್ಳತ್ತೆ.

ಮೂರನೇ ವಾರದಿಂದ 10 ನಿಮಿಷ, ವಾರಕ್ಕೆ ನಾಲ್ಕೈದು ದಿನ. ಇಲ್ಲಿಂದ ಮುಂದಿನದು ನಾನೇ ಮಾಡ್ತಾ ಮಾಡ್ತಾ ಕಂಡ್ಕೊಂಡಿದ್ದು, ನನಗೆ ಕೆಲಸ ಮಾಡಿದ ಕ್ರಮ. ಮೊದಲ ನಾಲ್ಕು ನಿಮಿಷ ಉಸಿರು. ಮಳೆ ತಗ್ಗಿದ ಮೇಲೆ ಗಮನಾನ ನಿಧಾನಕ್ಕೆ ಸೊಂಟದ ನೋವಿನ ಜಾಗಕ್ಕೆ ತಗೊಂಡ್ಹೋಗಿ, ಅಲ್ಲಿ ಎರಡು ಮೂರು ಉಸಿರು ನಿಲ್ಲಿ. ಮಳೆ ಜೋರಾಗೋದು ಕೇಳ್ಸತ್ತೆ. ನನಗೆ ಮೊದಲನೇ ಸಲ ಅದು ಕೇಳಿಸಿದಾಗ ಕಣ್ಣಲ್ಲಿ ನೀರು ಬಂತು, ನೋವು ಅಂದ ತಕ್ಷಣ ನನ್ನ ತಲೆ ಎಷ್ಟು ಹೆದರತ್ತೆ ಅನ್ನೋದು ಶಬ್ದವಾಗಿ ಕಿವಿಗೆ ಬಿದ್ದಿತ್ತು, ನೋವು ಜಾಸ್ತಿ ಆಗಿರಲಿಲ್ಲ, ನೋವು ಅಷ್ಟೇ ಇತ್ತು, ಹೆದರಿಕೆ ಜಾಸ್ತಿ ಆಗಿತ್ತು. ಇವೆರಡೂ ಬೇರೆ ಬೇರೆ ಅಂತ ತಿಳಿದಿದ್ದೇ ಈ ಪಟ್ಟಿಯಿಂದ ನನಗೆ ಸಿಕ್ಕಿದ ದೊಡ್ಡ ಪಾಠ. ಮಳೆ ಜೋರಾದ್ರೆ ಓಡಿ ಬರ್ಬೇಡಿ, ಅಲ್ಲೇ ಇದ್ದು ಉಸಿರು ಬಿಡೋದನ್ನ ಉದ್ದ ಮಾಡಿ, ಆ ನೋವು ಬಿಸಿಯೋ, ಎಳೆತವೋ, ಭಾರವೋ ಅಂತ ಸುಮ್ಮನೆ ಗಮನಿಸಿ, "ಅಯ್ಯೋ ಡಿಸ್ಕು" ಅನ್ನೋ ಮಾತು ಬಂದ್ರೆ ಬಂತು ಅಂತ ನೋಡಿ ವಾಪಸ್ ಉಸಿರಿಗೆ. ಮಳೆ ಮತ್ತೆ ತಗ್ಗತ್ತೆ. ಹೀಗೆ ಮೂರು ನಾಲ್ಕು ಸಲ ಹೋಗಿ ಬನ್ನಿ, ಮುಗೀತು. ನೋವು 7ರ ಮೇಲಿರೋ ದಿನ ಇದನ್ನ ಮಾಡ್ಬೇಡಿ, ಬರೀ ಉಸಿರು ಸಾಕು.

ಪಟ್ಟಿ ತೆಗೆದ ತಕ್ಷಣ ಮೊಬೈಲ್ ನೋಡ್ತಾ ಕೂರ್ಬೇಡಿ, ಆ ಸಡಿಲ ಇನ್ನೂ ಮೈಯಲ್ಲಿರುವಾಗಲೇ ಹೆದರ್ಕೊಂಡಿದ್ದ ಒಂದು ಚಲನೆನ ಸ್ವಲ್ಪವೇ ಮಾಡಿ. ನಾನು ಮೊದಲ ವಾರ ಮಾಡಿದ್ದು ಕುರ್ಚಿಯಿಂದ ಐದು ಸಲ ಎದ್ದು ಕೂರೋದು, ಆಮೇಲೆ ಟೇಬಲ್ ಹಿಡ್ಕೊಂಡು ಬಗ್ಗೋದು, ಆಮೇಲೆ ಅರ್ಧ ಬಕೆಟ್ ನೀರು, ಆಮೇಲೆ ಮುಕ್ಕಾಲು. ದವಡೆ ಕಚ್ಚಿದ್ರೆ, ಉಸಿರು ಹಿಡಿದ್ರೆ ಅಲ್ಲೇ ನಿಲ್ಲಿಸಿ, ಬಿಡಿ, ಮತ್ತೆ ಮಾಡಿ. ಅದರ ಜೊತೆಗೆ ದಿನಾ ನಡೆಯೋದು. ಸಂಜೆ ಬಸ್ ಸ್ಟಾಪಿಂದ ಮನೆಗೆ ಆಟೋ ಬಿಟ್ಟು ನಡೆಯೋಕೆ ಶುರು ಮಾಡಿದೆ, ಮೊದಲು 10 ನಿಮಿಷ, ಈಗ 35. ಇದನ್ನ ಬಿಟ್ಟು ಬರೀ ಪಟ್ಟಿ ಹಾಕ್ಕೊಂಡು ಕೂತ್ರೆ ಏನೂ ಆಗಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಅಂತಲೇ ಮಾರ್ಗಸೂಚಿ ಕೊಟ್ಟಿದೆ, ಅದರಲ್ಲಿ ಹೇಳಿರೋದು ರೋಗದ ಬಗ್ಗೆ ತಿಳುವಳಿಕೆ, ವ್ಯಾಯಾಮ, ಸಿಬಿಟಿ ಥರದ ಮಾನಸಿಕ ಚಿಕಿತ್ಸೆ, ಬೇಕಾದ್ರೆ ಉರಿಯೂತ ಇಳಿಸೋ ಮಾತ್ರೆ. ಸೊಂಟದ ಬೆಲ್ಟು, ಟ್ರಾಕ್ಷನ್ ಮಾಮೂಲಾಗಿ ಬಳಸೋದು ಬೇಡ ಅಂತಲೂ ಇದೆ. ನಾನು ನಾಲ್ಕು ವರ್ಷದಲ್ಲಿ ದುಡ್ಡು ಹಾಕಿದ್ದು ಹೆಚ್ಚಾಗಿ ಅದರಲ್ಲಿ ಬೇಡ ಅಂದಿರೋದಕ್ಕೇ, ಅದಕ್ಕೇ ಇದನ್ನ ಎಲ್ಲರಿಗೂ ಹೇಳ್ತಾ ಇರ್ತೀನಿ.

ಏಳನೇ ವಾರದಿಂದ ಪಟ್ಟಿನ ಬಿಡಿಸ್ಕೊಳ್ಳೋ ಕೆಲಸ. ಕ್ಲಿನಿಕ್‌ಗಳಲ್ಲೂ ಫೀಡ್‌ಬ್ಯಾಕ್ ಇಲ್ಲದೆ ಮಾಡಿಸಿ ನೋಡೋ ಸುತ್ತುಗಳಿರ್ತವೆ, ಕಲಿತದ್ದು ಮೆಷಿನ್ ಇಲ್ಲದಾಗಲೂ ಬರತ್ತಾ ಅಂತ. ಒಂದು ದಿನ ಪಟ್ಟಿ, ಒಂದು ದಿನ ಬರಿತಲೆ. ಬರಿತಲೆಯ ದಿನ ಕಿವಿಯಲ್ಲಿ ಮಳೆ ಇಲ್ಲ, ಆದ್ರೂ ಈಗ ಮಳೆ ಜೋರಾಗ್ತಿತ್ತು, ಈಗ ತಗ್ಗಿತು ಅಂತ ಊಹಿಸಿ. ಇನ್ನೊಂದು ವಿಧಾನ, ಪಟ್ಟಿ ಹಾಕ್ಕೊಂಡು ಶಬ್ದ ಪೂರ್ತಿ ಬಂದ್ ಮಾಡಿ ಐದು ನಿಮಿಷ ಮಾಡಿ, ಆಮೇಲೆ ಆಪ್‌ನ ಗೆರೆ ನಿಮ್ಮ ಊಹೆಗೆ ಹೊಂದತ್ತಾ ನೋಡಿ. ನಂತರ ಅದನ್ನ ಜೀವನಕ್ಕೆ ತಗೊಂಡ್ಹೋಗಿ, ಬಸ್ಸಲ್ಲಿ ಹಂಪ್ ಬರೋಕೆ ಮುಂಚೆ ಒಂದು ಉದ್ದ ಉಸಿರು, ಬೋರ್ಡ್ ಮೇಲೆ ಬರೆಯೋಕೆ ತಿರುಗುವಾಗ ಒಂದು, ಒಲೆ ಮುಂದೆ ನಿಂತು ಒಗ್ಗರಣೆ ಹಾಕುವಾಗ ಒಂದು. ಸೊಂಟ ಹಿಡ್ಕೊಳ್ಳೋದು ಅಲ್ಲೇ ತಾನೇ, ಕುರ್ಚಿ ಮೇಲೆ ಕಣ್ಣು ಮುಚ್ಚಿ ಕೂತಾಗ ಅಲ್ವಲ್ಲ.

ನೋವು ಒಂದು ವಾರ ಏರಿದ್ರೆ ಹೆದರ್ಬೇಡಿ, ಮುಟ್ಟಿನ ದಿನ, ಮದುವೆ ಓಡಾಟ, ಪರೀಕ್ಷೆ ಪೇಪರ್ ತಿದ್ದೋ ವಾರ, ಎಲ್ಲ ಡೈರಿಯಲ್ಲಿ ಪಕ್ಕದಲ್ಲಿ ಬರೀರಿ. ತಲೆನೋವು ಬಂದ್ರೆ ಪಟ್ಟಿ ಬಿಗಿ ಆಗಿರತ್ತೆ, ಸಡಿಲ ಮಾಡಿ. ಮಾಡಿದ ಮೇಲೆ ದಿನವೆಲ್ಲ ಮಂಕು, ಕಿರಿಕಿರಿ, ಆತಂಕ ಜಾಸ್ತಿ ಆಗ್ತಾ ಹೋದ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಮಾತಾಡಿ.

12 ವಾರ ಆದ್ಮೇಲೆ, ಪಟ್ಟಿ ಹಾಕೋಕೆ ಮುಂಚಿನ ಆ ಡೈರಿ ವಾರದ ಸರಾಸರಿಗೂ ಕೊನೇ ವಾರದ ಸರಾಸರಿಗೂ ಹೋಲಿಸಿ. ನೋವಿನ ಅಳತೆಯಲ್ಲಿ 2 ಅಂಕ, ಅಥವಾ ನೂರಕ್ಕೆ 30ರಷ್ಟು ಇಳಿದಿದ್ರೆ ಅದನ್ನ ಅರ್ಥ ಇರೋ ಬದಲಾವಣೆ ಅಂತ ನೋವಿನ ಸಂಶೋಧಕರು ಲೆಕ್ಕಕ್ಕೆ ತಗೋತಾರೆ. ಅಂಕ ಅಷ್ಟು ಇಳೀದೆ ನೀವು ಆರಿಸ್ಕೊಂಡ ಕೆಲಸ ದುಪ್ಪಟ್ಟಾಗಿದ್ರೆ ನನ್ನ ಲೆಕ್ಕದಲ್ಲಿ ಅದೂ ಗೆಲುವೇ. ಎರಡೂ ಇಲ್ಲ ಅಂದ್ರೆ ನಿಮಗೆ ಇದು ಹೊಂದಲಿಲ್ಲ ಅಂತ ಅರ್ಥ, ಇನ್ನೂ ಮೂರು ತಿಂಗಳು ಎಳೀಬೇಡಿ, ನೀವು ಸರಿಯಾಗಿ ಮಾಡ್ಲಿಲ್ಲ ಅಂತ ಬೇಜಾರೂ ಮಾಡ್ಕೋಬೇಡಿ. ನನ್ನದು 6ರಿಂದ ಮೂರೂವರೆಗೆ ಬಂತು. ಎರಡು ಪೀರಿಯಡ್ ಒಟ್ಟಿಗೆ ನಿಲ್ತೀನಿ, ದೂರದ ಬಸ್ ಪ್ರಯಾಣದ ಮರುದಿನ ಈಗಲೂ ನೋವಿರತ್ತೆ. ಇದರಲ್ಲಿ ಪಟ್ಟಿಯ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಹೆದರಿಕೆ ಬಿಟ್ಟಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ನಾನೀಗ ಪಟ್ಟಿ ಹಾಕೋದು ತಿಂಗಳಿಗೆ ಎರಡು ಸಲ, ದಾರಿ ತಪ್ಪಿಲ್ಲ ತಾನೇ ಅಂತ ನೋಡ್ಕೊಳ್ಳೋಕೆ.

ನಮ್ಮ ಸ್ಕೂಲಿನ ಇನ್ನೊಬ್ಬ ಮೇಡಂ ಈಗ ಕೇಳಿದಾರೆ, ಮುಂದಿನ ವಾರ ಅವರಿಗೆ ಕೊಡ್ತಿದೀನಿ. ನೀವೂ ಹಾಗೆ ಕೊಡೋದಾದ್ರೆ ಸೆನ್ಸರ್‌ಗಳನ್ನ ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ ಪೂರ್ತಿ ಒಣಗಿಸಿ, ಆಪ್‌ನಲ್ಲಿ ಅವರ ಹೆಸರಲ್ಲೇ ಹೊಸ ಖಾತೆ ಮಾಡಿಸಿ, ಮತ್ತೆ ಪಟ್ಟಿ ಜೊತೆಗೆ ಒಂದು ಖಾಲಿ ಡೈರಿನೂ ಕೊಡಿ.